ಅಂಚು ಮುಕ್ಕಾದ ಬಟ್ಟಲು

ಹಳೆಯ ಅಚ್ಚುಗಾಜಿನ ಪಾತ್ರೆಗಳನ್ನು ಕೂಡಿಹಾಕುವ ಹುಚ್ಚು ನನಗೆ ಹಿಡಿದದ್ದು ಕಲ್ಕತ್ತೆಗೆ ಬಂದ ಮೇಲೆ. ಪಾರ್ಕ್ ಸ್ಟ್ರೀಟಿನ ಹತ್ತಿರ ಭಾನುವಾರಗಳಲ್ಲಿ ಹಳೆಯ ಮನೆಗಳ ಸಾಮಾನು ಹರಾಜಾಗುತ್ತಿತ್ತು. ಕೈಯಿಂದ ಕೊರೆದ ಗಾಜಿನ ಅಂಚು ಬೆರಳಿಗೆ ಚುರುಕಾಗಿ ತಾಗುತ್ತದೆ. ಅಚ್ಚಿನಲ್ಲಿ ಒತ್ತಿದ್ದು ನುಣುಪು. ಹುಡುಕಿದರೆ ಅಚ್ಚಿನ ಭಾಗಗಳು ಕೂಡಿದ ಕಡೆ ಸಣ್ಣದೊಂದು ಗೆರೆ ಸಿಗುತ್ತದೆ.

ಆ ದಿನ ಹರಾಜಿನಲ್ಲಿ ಕೊಂಡ ಬಟ್ಟಲನ್ನು ಬೆಳಕಿಗೆ ಹಿಡಿದು ಆ ಗೆರೆಯನ್ನೇ ಹುಡುಕುತ್ತಿದ್ದೆ. ಅಂಚು ಒಂದು ಕಡೆ ಮುಕ್ಕಾಗಿತ್ತು. ಗೌನು ತೊಟ್ಟ ವಯಸ್ಸಾದ ಹೆಂಗಸೊಬ್ಬರು ಪಕ್ಕಕ್ಕೆ ಬಂದು ಹಿಂದಿಯಲ್ಲಿ, "ಒಂದು ಸಲ ಕೊಡ್ತೀರಾ?" ಎಂದರು. ಕೊಟ್ಟೆ. ಮುಕ್ಕಾದ ಜಾಗದ ಮೇಲೆ ಹೆಬ್ಬೆರಳಾಡಿಸಿದರು.

"ಇದು ನಮ್ಮಮ್ಮನದು. ಪುಡ್ಡಿಂಗ್ ತಡವಾದರೆ ನನ್ನ ತಮ್ಮ ಚಮಚದಿಂದ ಇಲ್ಲೇ ಬಡೀತಿದ್ದ."

ಮದುವೆಯಾಗದ ಅಕ್ಕ, ತಮ್ಮ ಕೊನೆಯವರೆಗೂ ಒಂದೇ ಮನೆಯಲ್ಲಿದ್ದರಂತೆ. ತಮ್ಮ ತೀರಿಕೊಂಡ ಮೇಲೆ ಬಾಡಿಗೆಮನೆ ಬಿಟ್ಟು ಇವರು ಸಿಯಾಲ್ದಾ ಕಡೆಯ ವೃದ್ಧಾಶ್ರಮಕ್ಕೆ ಹೊರಟಿದ್ದರು. ಬಟ್ಟಲು ನೀವೇ ಇಟ್ಟುಕೊಳ್ಳಿ ಎಂದೆ.

"ಅಲ್ಲಿ ನನಗಿರೋದು ಒಂದು ಮಂಚ. ನಿಮ್ಮ ಹತ್ತಿರಾನೇ ಇರಲಿ. ಆದರೆ ಕಪಾಟಿನಲ್ಲಿಟ್ಟು ನೋಡ್ತಾ ಕೂರಬೇಡಿ, ಏನಾದರೂ ಬಡಿಸಿ."

ಮನೆಯಲ್ಲಿ ಹೇಳಿದಾಗ ನನ್ನವರು, "ಹಾಗಾದ್ರೆ ಮೊದಲು ಅವರಿಗೇ ಬಡಿಸು," ಅಂದರು. ಮುಂದಿನ ವಾರ ಶಾವಿಗೆ ಪಾಯಸವನ್ನು ಡಬ್ಬಿಗೆ ಹಾಕಿ, ಬಟ್ಟಲನ್ನು ಟವೆಲಿನಲ್ಲಿ ಸುತ್ತಿಕೊಂಡು ವೃದ್ಧಾಶ್ರಮಕ್ಕೆ ಹೋದೆ. ಅವರು ಮಂಚದ ಮೇಲೆ ಕುಳಿತು ನಿಧಾನವಾಗಿ ತಿಂದರು. ತಮ್ಮನ ಮಾತಾಡುತ್ತ ನಡುವೆ ಚಮಚ ಕೆಳಗಿಟ್ಟು ಅತ್ತರು. ಆಮೇಲೆ ಮತ್ತಷ್ಟು ಹಾಕಿಸಿಕೊಂಡರು. ಚಳಿಗಾಲವೆಲ್ಲ ಹೀಗೆ ಹೋಗಿಬಂದೆ. ಹರಾಜಿಗೆ ಹೋಗುವುದು ತಾನಾಗಿಯೇ ನಿಂತುಹೋಯಿತು.

ನನಗೆ ಜ್ವರ ಬಂದು ಕೆಲವು ವಾರ ತಪ್ಪಿತು. ಮತ್ತೆ ಹೋದಾಗ ಆ ಮಂಚದ ಮೇಲೆ ಬೇರೊಬ್ಬ ಹೆಂಗಸು ಮಲಗಿದ್ದರು. ಅವರು ತೀರಿಕೊಂಡು ಮಣ್ಣು ಮಾಡಿಯೂ ಆಯಿತು ಎಂದಳು ಆಯಾ. ನನಗೆ ತಿಳಿಸೋಣವೆಂದರೆ ಯಾರ ಬಳಿಯೂ ನನ್ನ ಫೋನ್ ನಂಬರ್ ಇರಲಿಲ್ಲ.

ಪಾಯಸ ಇನ್ನೂ ಬೆಚ್ಚಗಿತ್ತು. ಹೊಸದಾಗಿ ಬಂದವರಿಗೆ ಅದೇ ಬಟ್ಟಲಿನಲ್ಲಿ ಬಡಿಸಿದೆ. ತಿನ್ನುತ್ತ ಅವರು, "ಇಲ್ಲಿ ಮೊದಲು ಇದ್ದವರು ನಿಮಗೆ ಏನಾಗಬೇಕು?" ಎಂದು ಬಂಗಾಳಿಯಲ್ಲಿ ಕೇಳಿದರು. ನನಗೆ ಹರಕುಮುರುಕು ಬಂಗಾಳಿ ಬರುತ್ತದೆ. "ಇದು ಅವರ ಅಮ್ಮನ ಬಟ್ಟಲು," ಎಂದು ಹೇಳಿ ಮತ್ತಷ್ಟು ಪಾಯಸ ಹಾಕಿದೆ.