ಮೂಡಗಾಳಿಗೆ ಹೊರಟ ದೋಣಿ

ಮೇಡ್ಲೇರಿಯ ಹೊಳಿಯಪ್ಪ ಹತ್ತೊಂಬತ್ತು ವರ್ಷ ಗೋವಾದಲ್ಲಿ ಹಾಯಿದೋಣಿಗಳ ಮೇಲೆ ದುಡಿದವನು. ಪ್ರವಾಸಿಗರನ್ನು ಕೂರಿಸಿಕೊಂಡು ಸಮುದ್ರದಲ್ಲಿ ಒಂದು ಸುತ್ತು ಹಾಕಿಸಿಕೊಂಡು ಬರುವ ದೋಣಿಗಳು ಅವು. ಹಗ್ಗ ಎಳೆಯುವ ಆಳಾಗಿ ಸೇರಿದವನು ಕೊನೆಯ ಆರು ವರ್ಷ ಚುಕ್ಕಾಣಿಯನ್ನೇ ಹಿಡಿದಿದ್ದ. ಮಾಲೀಕ ದೋಣಿಗಳನ್ನು ಮಾರಿ ಕೈ ತೊಳೆದುಕೊಂಡಾಗ ಹೊಳಿಯಪ್ಪನಿಗೆ ಐವತ್ತಾರು. ಒಂದು ಚೀಲ ಬಟ್ಟೆ, ಎರಡು ಹಳೆಯ ಲೈಫ್ ಜಾಕೆಟ್ ಹಿಡಿದುಕೊಂಡು ರಾಣೆಬೆನ್ನೂರು ಸ್ಟೇಷನ್ನಿನಲ್ಲಿ ಇಳಿದ.

ಊರಲ್ಲಿ ಹೆಂಡತಿ ಉಚ್ಚಂಗೆವ್ವ ಎರಡು ಎಕರೆ ಗೋವಿನಜೋಳ ನೋಡಿಕೊಂಡಿದ್ದಳು. ಮಗಳು ರೋಹಿಣಿ ಹಾವೇರಿಯ ಒಂದು ಶಾಲೆಯಲ್ಲಿ ಗಣಿತ ಟೀಚರ್ ಆಗಿ ಅಲ್ಲೇ ಬಾಡಿಗೆ ಮನೆ ಹಿಡಿದಿದ್ದಳು. ಅವನು ಊರು ಬಿಟ್ಟಾಗ ಅವಳಿಗೆ ಐದು ವರ್ಷ. ಈಗ ಅವಳ ಜೊತೆ ಏನು ಮಾತಾಡಬೇಕೆಂದು ಅವನಿಗೆ ತಿಳಿಯುತ್ತಿರಲಿಲ್ಲ. ಫೋನ್ ಮಾಡಿದರೆ "ಉಂಡ್ಯಾ?" ಅನ್ನುತ್ತಿದ್ದ. ಅವಳು "ಹೂಂ" ಅನ್ನುತ್ತಿದ್ದಳು.

ಒಂದು ವರ್ಷ ಹೊಲದಲ್ಲಿ ಹೆಂಡತಿಯ ಹಿಂದೆ ಹಿಂದೆ ಓಡಾಡಿದ. ಅಲ್ಲಿ ಅವನಿಗೆ ಯಾವ ಕೆಲಸವೂ ಪೂರ್ತಿ ಬರುತ್ತಿರಲಿಲ್ಲ. ಆಮೇಲೆ ಹೊಳೆದಂಡೆಯಲ್ಲಿ ಯಾರೋ ಬಿಟ್ಟುಹೋಗಿದ್ದ ಹದಿನಾರು ಅಡಿಯ ಫೈಬರ್ ದೋಣಿಯೊಂದನ್ನು ತಂದು ಅಂಗಳದಲ್ಲಿ ಮಗುಚಿ ಹಾಕಿದ. ತೂತು ಮುಚ್ಚಿದ, ಚುಕ್ಕಾಣಿ ಕೂರಿಸಿದ. ದೋಣಿ ಗಾಳಿಗೆ ಅಡ್ಡಡ್ಡ ಜಾರದಂತೆ ನಡುವೆ ನೀರಿಗೆ ಇಳಿಬಿಡುವ ಹಲಗೆಯೊಂದನ್ನು ಮಾಡಿದ. ನೆಟ್ಟಗಿನ ಬಿದಿರಿನ ಗಳ ಹಾಯಿಕಂಬವಾಯಿತು.

ಒಂದು ದಿನ ಊಟಕ್ಕೆ ಕೂತಾಗ ಹೆಂಡತಿಗೆ ಹೇಳಿದ. "ಇಲ್ಲಿಂದ ಹೊಳಿ ಹಿಡಿದು ಗಳಗನಾಥಕ್ಕ ಇಳಿಯೋದು. ಅಲ್ಲಿ ವರದಾ ಹೊಳಿ ಬಂದು ಕೂಡ್ತೈತಿ. ವರದಾ ಹಿಡಿದು ಮ್ಯಾಲ ಹೋದ್ರ ಹಾವೇರಿ ಹತ್ರ. ಐದು ದಿನ. ಮಗಳ ಮನಿಗೆ ನಾವಿಬ್ರೂ ಹಾಯಿದೋಣ್ಯಾಗ ಹೋಗೋದು."

ಉಚ್ಚಂಗೆವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ನೋಡಿದಳು. "ಬಸ್ಸಿಗೆ ಹೋದ್ರ ಮಧ್ಯಾಹ್ನದ ಊಟಕ್ಕ ಅಲ್ಲಿರ್ತೀವಲ್ರೀ."

"ಅದು ಬ್ಯಾರೆ, ಇದು ಬ್ಯಾರೆ."

ಅವಳು ಮತ್ತೆ ರೊಟ್ಟಿ ಬಡಿಯತೊಡಗಿದಳು.

ಆಷಾಢದ ಗಾಳಿ ಪಡುವಣದಿಂದ ಹುಯಿಲೆಬ್ಬಿಸಿ ಬೀಸುತ್ತಿತ್ತು. ಹೊಳೆ ಹರಿಯುವ ಕಡೆಗೇ ತಳ್ಳುವ ಗಾಳಿ. ಈಗಲೇ ಹೊರಡಬೇಕೆಂದು ಹಾಯಿ ಹೊಲಿಸಲು ಬ್ಯಾಡಗಿಗೆ ಹೋದ. ಅಲ್ಲಿ ಮೆಣಸಿನಕಾಯಿ ರಾಶಿಗೆ, ಲಾರಿಗೆ ತಾಡಪಾಲು ಹೊಲಿಯುವ ಮಕ್ತುಮಸಾಬ ಅವನ ಹಳೆಯ ಗೆಳೆಯ. ಹೊಳಿಯಪ್ಪ ನೆಲದ ಮೇಲೆ ಸೀಮೆಸುಣ್ಣದಲ್ಲಿ ಹಾಯಿಯ ಆಕಾರ ಬರೆದು, "ಇಲ್ಲಿ ಸ್ವಲ್ಪ ಹೊಟ್ಟಿ ಬರಬೇಕು. ಗಾಳಿ ತುಂಬಿದ್ರ ಉಬ್ಬಬೇಕು" ಎಂದು ತೋರಿಸಿದ.

ಎರಡು ವಾರ ಬಿಟ್ಟು ಹೋದರೆ ಹಾಯಿ ಗೋಡೆಯಂತೆ ಸಪಾಟಾಗಿತ್ತು.

"ಹೊಟ್ಟಿ ಎಲ್ಲಿ ಮಕ್ತುಮಣ್ಣಾ?"

"ನಲವತ್ತು ವರ್ಷ ತಾಡಪಾಲು ಹೊಲದೇನಿ. ಹೊಟ್ಟಿ ಬಂದಿದ್ದನ್ನ ಗಿರಾಕಿ ವಾಪಸ್ ತಂದು ಒಗೀತಾನ. ಬೇಕಂತ ಹೊಟ್ಟಿ ಬಿಡಾಕ ನನ್ನ ಕೈ ಕೇಳವಲ್ದು" ಎಂದ ಮಕ್ತುಮಸಾಬ ಬಹಳ ಸಂಕಟದಿಂದ.

ಬಿಚ್ಚಿ ಮತ್ತೆ ಹೊಲಿಯುವಷ್ಟರಲ್ಲಿ ಶ್ರಾವಣ ಬಂತು. ಶ್ರಾವಣದಲ್ಲಿ ಹೊಳೆ ಕೆಂಪಗೆ ಉಕ್ಕಿ ಹೊಲದ ಬದುವಿಗೆ ಬಂದು ನಿಂತಿತು. ದೋಣಿಯನ್ನು ಮೇಲಕ್ಕೆಳೆದು ಮರಕ್ಕೆ ಕಟ್ಟಿದರು. ನೀರು ಇಳಿದಾಗ ಗೋವಿನಜೋಳ ಮುರಿಯುವ ಕಾಲ. "ತೆನಿ ಮುರದ ಮ್ಯಾಲೆ ಬರ್ತೇನಿ, ಅದಕ್ಕೂ ಮೊದಲು ಸಾಧ್ಯನ ಇಲ್ಲ" ಎಂದಳು ಉಚ್ಚಂಗೆವ್ವ. ಹೀಗೆ ಆಷಾಢದಲ್ಲಿ ಹೊರಡಬೇಕಾದವರು ಹೊರಟಿದ್ದು ಆಶ್ವೀಜದ ಶೀಗಿ ಹುಣ್ಣಿಮೆ ಎದುರಿಗಿರುವಾಗ. ಭಾನುವಾರ ಮಧ್ಯಾಹ್ನ ಗಳಗನಾಥದಲ್ಲಿ ದೋಣಿ ನೋಡಲು ಬರುತ್ತೇನೆಂದು ರೋಹಿಣಿ ಹೇಳಿದಳು. ಮಗಳು ತಾನಾಗಿಯೇ ಹಾಗೆಂದದ್ದು ಹೊಳಿಯಪ್ಪನಿಗೆ ಹಿಗ್ಗಾಯಿತು. ಹೊರಟದ್ದು ಗುರುವಾರ. ಮೂರು ದಿನ ಸಾಕಷ್ಟಾಯಿತು ಅಂದುಕೊಂಡ.

ಗುರುವಾರ ಬೆಳಿಗ್ಗೆ ಅರ್ಧ ಊರು ದಂಡೆಯ ಮೇಲಿತ್ತು. ಹಾಯಿ ಏರಿಸಿದ. ಅದು ಉಬ್ಬಿತು, ನಿಜ. ಆದರೆ ದೋಣಿ ಹಿಂದಕ್ಕೆ ಸರಿಯಿತು. ಗಾಳಿ ಮೂಡಣದಿಂದ ಎದುರಿಗೆ ಬರುತ್ತಿತ್ತು. ಎದುರುಗಾಳಿಯಲ್ಲಿ ಓರೆಯಾಗಿ ಆ ದಂಡೆಗೆ, ಮತ್ತೆ ಓರೆಯಾಗಿ ಈ ದಂಡೆಗೆ ಹೋಗುತ್ತ ಮುಂದೆ ಸಾಗುವ ವಿದ್ಯೆ ಅವನಿಗೆ ಗೊತ್ತಿತ್ತು. ಸಮುದ್ರದಲ್ಲಿ ಅದನ್ನು ಸಾವಿರ ಸಲ ಮಾಡಿದ್ದ. ಇಲ್ಲಿ ಹೊಳೆಯ ಸೆಳೆತ ಮುಂದಕ್ಕೆ, ಗಾಳಿ ಹಿಂದಕ್ಕೆ, ತಿರುಗಿಸಬೇಕೆನ್ನುವಷ್ಟರಲ್ಲಿ ದಂಡೆ ಬಂದುಬಿಡುತ್ತಿತ್ತು. ಒಂದು ತಾಸು ಕಳೆದಾಗ ಬಟ್ಟೆ ಒಗೆಯುತ್ತಿದ್ದ ಹೆಂಗಸರ ಮುಂದೆ ದೋಣಿ ಮೂರನೆಯ ಸಲ ಹಾದುಹೋಯಿತು.

"ಹೊಳಿಯಪ್ಪಣ್ಣಾ, ಹೊಂಟೀಯೋ, ಬಂದೀಯೋ?" ಎಂದು ಅವರಲ್ಲೊಬ್ಬಳು ಕೂಗಿದಳು.

ಹೊಳಿಯಪ್ಪನಿಗೆ ಮುಖ ಎತ್ತಿ ನೋಡಲಾಗಲಿಲ್ಲ. ಉಚ್ಚಂಗೆವ್ವ ಮೆಲ್ಲಗೆ ಹೇಳಿದಳು: "ಇದು ಮೂಡಗಾಳಿರೀ. ಶೀಗಿ ಹುಣ್ಣಿವಿ ಮುಂದ ತಿರುಗ್ತೈತಿ. ಇನ್ನ ಸಂಕ್ರಾಂತಿ ತನಕ ಇದ."

"ಮಧ್ಯಾಹ್ನಕ್ಕ ಬದಲಾಗ್ತೈತಿ ಬಿಡು. ಗಾಳಿ ಬೆಳಿಗ್ಗೆ ಒಂದು ಕಡಿ, ಮಧ್ಯಾಹ್ನ ಒಂದು ಕಡಿ."

"ಅದು ನಿಮ್ಮ ಗೋವಾದಾಗ."

ಅವನು ಹಾಯಿ ಇಳಿಸಿ ಹುಟ್ಟು ಹಿಡಿದ. ಮಧ್ಯಾಹ್ನ ಗಾಳಿ ಬದಲಾಗಲಿಲ್ಲ. ಸಂಜೆಗೂ ಬದಲಾಗಲಿಲ್ಲ. ಐದು ದಿನದ ಲೆಕ್ಕ ಎಲ್ಲಿ ತಪ್ಪಿತೆಂದು ಅವನು ಒಳಗೊಳಗೇ ತಡಕಾಡುತ್ತಿದ್ದ. ತಪ್ಪಿದ್ದು ಒಂದು ಕಡೆಯಾಗಿದ್ದರೆ ಸಿಗುತ್ತಿತ್ತು.

ಶನಿವಾರ ಬೆಳಿಗ್ಗೆ ಹೊಳೆ ಒಂದು ನಡುಗಡ್ಡೆಯ ಸುತ್ತ ಎರಡಾಗಿ ಒಡೆದಿತ್ತು. ಬಲಗಡೆ ಅಗಲ, ಎಡಗಡೆ ಇಕ್ಕಟ್ಟು. ಹೊಳಿಯಪ್ಪ ಬಲಕ್ಕೆ ತಿರುಗಿಸಿದ.

"ಅಲ್ಲಿ ಬ್ಯಾಡ್ರಿ" ಎಂದಳು ಉಚ್ಚಂಗೆವ್ವ. "ಎಮ್ಮಿ ನಿಂತಾವು ನೋಡ್ರಿ. ಮೊಣಕಾಲ ಸೈತ ಮುಳುಗಿಲ್ಲ."

"ಎಮ್ಮಿ ದಂಡಿ ಕಡೆ ಅದಾವು. ನಡುವ ಆಳ ಇರ್ತೈತಿ. ಹತ್ತೊಂಬತ್ತು ವರ್ಷ..."

ಮಾತು ಮುಗಿಯುವ ಮೊದಲೇ ದೋಣಿ ಉಸುಕಿಗೆ ಗಕ್ಕನೆ ಸಿಕ್ಕಿಕೊಂಡಿತು. ನಡುವಿನ ಹಲಗೆ ಲಟ್ಟೆಂದು ಸೀಳಿತು. ಉಚ್ಚಂಗೆವ್ವ ಮುಂದಕ್ಕೆ ಮುಗ್ಗರಿಸಿದಳು. ಅವಳ ಉಡಿಯಲ್ಲಿದ್ದ ಫೋನು ನೀರು ಪಾಲಾಯಿತು. ಇಬ್ಬರ ನಡುವೆ ಇದ್ದದ್ದು ಅದೊಂದೇ ಫೋನು. ಹುಡುಕಿ ತೆಗೆದರು, ಆದರೆ ಅದು ಮತ್ತೆ ಹತ್ತಲಿಲ್ಲ. ಮಗಳ ನಂಬರು ಇಬ್ಬರಿಗೂ ಬಾಯಿಪಾಠ ಇರಲಿಲ್ಲ.

ತೆಪ್ಪದಲ್ಲಿ ಮೀನಿನ ಬಲೆ ಎತ್ತುತ್ತಿದ್ದ ಡಾಕಪ್ಪ ಎಂಬವನು ಬಂದು ಕೈ ಹಚ್ಚಿದ. ಮೂವರೂ ತಳ್ಳಿ ದೋಣಿಯನ್ನು ಎಡದಂಡೆಯ ಅವನ ಊರಿಗೆ ತಂದರು. ಸೊಂಟಕ್ಕೆ ಕೈಕೊಟ್ಟು ನಿಂತು ಡಾಕಪ್ಪ ದೋಣಿಯನ್ನು ಮೇಲಿಂದ ಕೆಳಗೆ ನೋಡಿದ.

"ಎಲ್ಲಿಗೆ ಹೊಂಟೀರಿ ಅಣ್ಣಾರ?"

"ಹಾವೇರಿಗೆ."

"ಹಾವೇರಿಗೆ? ಹೊಳ್ಯಾಗ?" ಡಾಕಪ್ಪ ಉಚ್ಚಂಗೆವ್ವನ ಮುಖ ನೋಡಿದ, ಇವನಿಗೆ ಬಿಸಿಲು ತಾಗಿದೆಯೇನೋ ಎಂಬಂತೆ. "ವರದಾಕ ಅಲ್ಲಲ್ಲಿ ಬಾಂದಾರ ಕಟ್ಯಾರ್ರೀ. ಮಳಿಗಾಲ ಮುಗೀತು, ಈಗ ಬಾಗಿಲು ಇಳಿಸಿರ್ತಾರ. ನನ್ನ ತೆಪ್ಪ ಆದ್ರ ತಲಿ ಮ್ಯಾಲ ಹೊತ್ತು ದಾಟಿಸ್ತೇನಿ. ಇದನ್ನ ಹೆಂಗ ದಾಟಿಸ್ತೀರಿ?"

ನೀರು ನಿಲ್ಲಿಸಲು ಹೊಳೆಗೆ ಅಡ್ಡ ಕಟ್ಟಿದ ಆ ಬಾಂದಾರಗಳ ಸಂಗತಿ ಹೊಳಿಯಪ್ಪನಿಗೆ ಗೊತ್ತೇ ಇರಲಿಲ್ಲ. ಅವನು ಊರಲ್ಲಿಲ್ಲದ ವರ್ಷಗಳಲ್ಲಿ ಹೊಳೆಗಳು ಹಾಗೇ ಇರುತ್ತವೆಂದುಕೊಂಡಿದ್ದ. ದಂಡೆಯ ಕಲ್ಲಿನ ಮೇಲೆ ಕೂತುಬಿಟ್ಟ. ಹಾವೇರಿ ಇಲ್ಲ. ಗಳಗನಾಥಕ್ಕೆ ಮುರಿದ ಹಲಗೆಯಲ್ಲಿ ಭಾನುವಾರಕ್ಕೆ ಮುಟ್ಟುವುದಿಲ್ಲ. ಬಸ್ಸಿಗೆ ಹೋಗಿ ಮಗಳನ್ನು ಕಾಣಬೇಕೆ? ದೋಣಿಯನ್ನು ಯಾರ ಸುಪರ್ದಿಗೆ ಬಿಡುವುದು? ಇಲ್ಲೇ ಹಲಗೆ ಮಾಡಿಸಬೇಕೆ? ಮಾಡಿಸಿ ಎಲ್ಲಿಗೆ ಹೋಗುವುದು? ಡಾಕಪ್ಪ ಊಟಕ್ಕೆ ಕರೆದಾಗ "ಬಂದೆ" ಎಂದವನು ಅರ್ಧ ತಾಸು ಏಳಲಿಲ್ಲ.

ಭಾನುವಾರ ಬೆಳಿಗ್ಗೆ ಗಳಗನಾಥದ ಬಸ್ಸು ಹಿಡಿಯಲು ರಸ್ತೆಗೆ ನಡೆದ. ಬಸ್ಸು ಹೋಗಿಬಿಟ್ಟಿತ್ತು. ಮುಂದಿನದು ಯಾವಾಗ ಎಂದು ಕೇಳಿದರೆ ಒಬ್ಬೊಬ್ಬರು ಒಂದೊಂದು ಹೊತ್ತು ಹೇಳಿದರು. ಎರಡು ತಾಸು ಕಾದು, ಈಗ ಹೊರಟರೆ ದಾರಿಯಲ್ಲಿ ಮಗಳೇ ತಪ್ಪಿಹೋಗಬಹುದೆಂದು ಮರಳಿ ದಂಡೆಗೆ ಬಂದ. ಬಂದ ಮೇಲೆ ಹೋಗಬೇಕಿತ್ತು ಅನ್ನಿಸಿತು.

ಅತ್ತ ರೋಹಿಣಿ ಗಳಗನಾಥದಲ್ಲಿ ಹನ್ನೊಂದರಿಂದ ಎರಡರವರೆಗೆ ಹೊಳೆ ನೋಡುತ್ತ ನಿಂತಿದ್ದಳು. ಫೋನು ಹತ್ತಲಿಲ್ಲ. ಮೀನು ಹಿಡಿಯುವವರನ್ನು ಕೇಳಿದರೆ ಅಂಥ ದೋಣಿ ಬಂದೇ ಇಲ್ಲವೆಂದರು. ಅವಳು ಒಂದು ಆಟೋ ಮಾಡಿಕೊಂಡು ದಂಡೆಯ ಊರೂರಿಗೆ ಇಳಿದು "ಹಾಯಿದೋಣಿ ನೋಡೀರೇನ್ರಿ?" ಎಂದು ಕೇಳುತ್ತ ಮೇಲಕ್ಕೆ ಬಂದಳು. "ಹಾಯಿ ಅಂದ್ರ?" ಎಂದು ಜನ ತಿರುಗಿ ಕೇಳಿದರು. ನಾಲ್ಕನೆಯ ಊರಲ್ಲಿ ಒಬ್ಬ ಮುದುಕಿ, "ತಾಡಪಾಲು ಕಟ್ಟಿದ ದೋಣಿ ಏನ? ನಮ್ಮ ಡಾಕಪ್ಪನ ಹತ್ರ ಬಿದ್ದೈತಿ ನೋಡು" ಎಂದಳು.

'ಬಿದ್ದೈತಿ' ಎಂಬ ಮಾತಿಗೆ ರೋಹಿಣಿ ಗಾಬರಿಯಾಗಿ ಆಟೋ ಅಲ್ಲೇ ಬಿಟ್ಟಳು. ಓಡಿ ಬಂದು ನೋಡಿದರೆ ಅವ್ವ ಡಾಕಪ್ಪನ ಮನೆಯ ಕಟ್ಟೆಯ ಮೇಲೆ ಕೂತು ಬೆಳ್ಳುಳ್ಳಿ ಸುಲಿಯುತ್ತಿದ್ದಾಳೆ. ಅಪ್ಪ ಜಾಲಿಯ ಹಲಗೆ ಕೆತ್ತುತ್ತಿದ್ದಾನೆ.

ಅವಳು ಅವ್ವನ ಭುಜ ಮುಟ್ಟಿ ನೋಡಿದಳು. ಆಮೇಲೆ ಅಪ್ಪನ ಕಡೆ ತಿರುಗಿದಳು.

"ಹತ್ತೊಂಬತ್ತು ವರ್ಷ ಕಾದೇವಿ ಅಪ್ಪಾ. ಸಮುದ್ರದಾಗ ಗಾಳಿ ಎದ್ದೈತಿ ಅಂತ ಟಿವ್ಯಾಗ ಬಂದ್ರ ನಾನು, ಅವ್ವ ಉಣ್ತಿರಲಿಲ್ಲ. ನೀ ಬಂದಿ, ಇನ್ನ ಕಾಯೋದು ತಪ್ಪಿತು ಅಂದ್ಕೊಂಡಿದ್ದೆ. ಈಗ ಅವ್ವನ್ನೂ ಕರ್ಕೊಂಡು ಹೋಗಿಬಿಟ್ಟಿ. ನಾ ಒಬ್ಬಾಕಿನ ದಂಡಿ ಮ್ಯಾಲ ನಿಂತಿದ್ದೆ."

ಹೊಳಿಯಪ್ಪನ ಕೈಯಲ್ಲಿ ಉಳಿ ಹಾಗೇ ನಿಂತಿತು. ಮಗಳು ಅವನೊಡನೆ ಇಷ್ಟುದ್ದ ಮಾತಾಡಿದ್ದು ಇದೇ ಮೊದಲು. ಅದಕ್ಕೆ ದುಃಖಪಡಬೇಕೋ ಸಮಾಧಾನಪಡಬೇಕೋ ಅವನಿಗೆ ತಿಳಿಯಲಿಲ್ಲ. "ತಪ್ಪಾತವ್ವಾ" ಎಂದ. ಆಮೇಲೆ, "ನಾಳೆ ಟ್ರ್ಯಾಕ್ಟರ್ ಕರೆಸಿ ದೋಣಿ ಊರಿಗೆ ಹೇರಿಸ್ತೇನಿ. ಸಾಕು ಇದು" ಎಂದ.

"ಟ್ರ್ಯಾಕ್ಟರ್ ಯಾಕ?" ಉಚ್ಚಂಗೆವ್ವ ಬೆಳ್ಳುಳ್ಳಿಯ ಮೊರ ಬದಿಗಿಟ್ಟಳು. "ಗಾಳಿ ಮೂರು ದಿನದಿಂದ ನಮ್ಮೂರ ಕಡೇನ ಬೀಸಾಕತ್ತೈತಿ. ನೀವೊಬ್ರ ಅದರ ಎದುರು ಹೊಂಟೀರಿ."

ಹೊಳಿಯಪ್ಪ ಹೊಳೆಯ ಕಡೆ ತಿರುಗಿ ನೋಡಿದ.

"ಹೊಳಿ ತಣ್ಣಗಾಗೈತಿ, ಸೆಳವು ಮೊದಲಿನಷ್ಟಿಲ್ಲ. ಹತ್ತು ಗಂಟಿಗೆ ಗಾಳಿ ಏಳ್ತೈತಿ, ನಾಕಕ್ಕ ಬೀಳ್ತೈತಿ. ಹೊಲದಾಗ ನಿಂತು ಎಷ್ಟು ವರ್ಷ ಕಾಳು ತೂರೇನಿ, ನನಗ ಗೊತ್ತಿಲ್ಲೇನು? ನಾಳೆ ಹಾಯಿ ಏರಸ್ರಿ. ನಾ ಹೇಳಿದ ಕಡೆ ತಿರುಗಸ್ರಿ."

ಸೋಮವಾರ ರೋಹಿಣಿ ಶಾಲೆಗೆ ರಜೆ ಹೇಳಿದಳು. ಅವ್ವನನ್ನು ದೋಣಿಯಲ್ಲಿ ಅಪ್ಪನೊಬ್ಬನ ಜೊತೆ ಬಿಡುವ ಮನಸ್ಸು ಅವಳಿಗಿರಲಿಲ್ಲ. ಲೈಫ್ ಜಾಕೆಟ್ ಎರಡೇ ಇದ್ದವು. ಹೊಳಿಯಪ್ಪ ಎರಡನ್ನೂ ಅವರಿಬ್ಬರಿಗೆ ತೊಡಿಸಿ, ತಾನು ಡಾಕಪ್ಪ ಕೊಟ್ಟ ಎರಡು ಖಾಲಿ ಡಬ್ಬಿಗಳನ್ನು ಸೊಂಟಕ್ಕೆ ಕಟ್ಟಿಕೊಂಡ. ಹತ್ತು ದಾಟಿತು, ಎಲೆ ಅಲುಗಲಿಲ್ಲ. ಹತ್ತೂವರೆಗೆ ಆಚೆ ದಂಡೆಯ ಕಬ್ಬಿನ ಗರಿಗಳು ಅಲ್ಲಾಡಿದವು. ಗಾಳಿ ನೀರಿನ ಮೇಲೆ ಸುಕ್ಕು ಎಬ್ಬಿಸುತ್ತ ಬಂತು. ಹಾಯಿ ಉಬ್ಬಿತು. ದೋಣಿ ಹರಿವಿಗೆ ಎದುರಾಗಿ, ಮನುಷ್ಯ ನಡೆಯುವ ವೇಗದಲ್ಲಿ, ಮೇಲಕ್ಕೆ ಹೊರಟಿತು.

"ಎಡಕ್ಕ" ಎಂದಳು ಉಚ್ಚಂಗೆವ್ವ. ಅವನು ತಿರುಗಿಸಿದ. "ಆ ಕೊಕ್ಕರಿ ನಿಂತಲ್ಲಿ ಉಸುಕು ಐತಿ, ಬಲಕ್ಕ ಬರ್ರಿ." ಅವನು ಬಲಕ್ಕೆ ಬಂದ. ಎರಡು ತಾಸು ಅವನು ಒಂದು ಮಾತೂ ಎದುರಾಡಲಿಲ್ಲ. ಆಮೇಲೆ ಚುಕ್ಕಾಣಿಯನ್ನೇ ಅವಳ ಕೈಗೆ ಕೊಟ್ಟು ಹಗ್ಗ ಹಿಡಿದು ಕೂತ. ರೋಹಿಣಿಗೆ ಇನ್ನೊಂದು ಹಗ್ಗ ಕೊಟ್ಟ.

"ಇದಕ್ಕ ಏನಂತಾರ ಅಪ್ಪಾ?"

"ಇಂಗ್ಲಿಷಿನ್ಯಾಗ ಶೀಟ್ ಅಂತಾರ. ನಮ್ಮ ಭಾಷಾದಾಗ ಗೊತ್ತಿಲ್ಲ."

"ಹಗ್ಗಕ್ಕ ಶೀಟ್ ಅಂತಾರಾ? ಹಾಯಿಗೆ ಅನ್ನಬೇಕಿತ್ತಲ್ಲ."

"ನನಗೂ ಮೊದಲ ವರ್ಷ ಹಂಗ ಅನಿಸಿತ್ತು. ಬೈಸಿಕೊಂಡಿದ್ದೆ" ಎಂದ ಹೊಳಿಯಪ್ಪ. ಆಮೇಲೆ ಆ ಮೊದಲ ವರ್ಷದ ಬಗ್ಗೆ ಇನ್ನಷ್ಟು ಹೇಳಿದ. ಯಾರಿಗೂ ಹೇಳದಿದ್ದದ್ದು: ವಾಂತಿ ಮಾಡಿಕೊಂಡದ್ದು, ಈಜು ಬಂದರೂ ಸಮುದ್ರಕ್ಕೆ ಹೆದರಿದ್ದು, ಎರಡು ಸಲ ಊರಿಗೆ ಓಡಿಬರಲೆಂದು ಸ್ಟೇಷನ್ನಿನವರೆಗೆ ಬಂದು ತಿರುಗಿಹೋದದ್ದು. "ಯಾಕ ತಿರುಗಿ ಹೋದಿ?" ಎಂದು ರೋಹಿಣಿ ಕೇಳಿದಳು. ಅವನು "ಇವತ್ತಿಗೂ ತಿಳಿದಿಲ್ಲ" ಎಂದ. ಅವಳು ಹಗ್ಗ ಬಿಡಲಿಲ್ಲ. ಸಿಟ್ಟು ಪೂರ್ತಿ ಇಳಿದಿತ್ತೆಂದೂ ಹೇಳಲಾಗದು.

ನಾಲ್ಕಕ್ಕೆ ಗಾಳಿ ಬಿತ್ತು. ಇಳಿದ ಊರಲ್ಲಿ ರೋಹಿಣಿ ಬಸ್ಸು ಹತ್ತಿದಳು. ತನ್ನ ಹಳೆಯ ಬಟನ್ ಫೋನನ್ನು ಅವ್ವನಿಗೆ ಕಳಿಸಿಕೊಡುವುದಾಗಿ ಹೇಳಿದಳು. ಗಂಡ ಹೆಂಡತಿ ಇನ್ನೂ ಮೂರು ದಿನ ತಡೆದು ತಡೆದು ಸಾಗಿ ಗುರುವಾರ ಮೇಡ್ಲೇರಿ ಮುಟ್ಟಿದರು. ನೀರು ಇಳಿದಿದ್ದರಿಂದ ದಂಡೆಯ ಗುರುತೇ ಹತ್ತಲಿಲ್ಲ. ದೋಣಿ ಎಲ್ಲಿ ಕಟ್ಟಬೇಕೆಂದು ಹೊಳಿಯಪ್ಪ ಹುಡುಕುತ್ತಿದ್ದರೆ ಉಚ್ಚಂಗೆವ್ವ ಸೀರೆ ಎತ್ತಿ ಕಟ್ಟಿ ನೀರಿಗಿಳಿದು ಎಳೆದೇಬಿಟ್ಟಳು.

ಹಾವೇರಿ ಮುಟ್ಟಿದಿರಾ ಎಂದು ಊರವರು ಕೇಳಿದರು. ಇಲ್ಲ ಎಂದ. ಗಳಗನಾಥ? ಇಲ್ಲ. ಹಾಗಾದರೆ ಒಂದು ವಾರ ಎಲ್ಲಿಗೆ ಹೋಗಿದ್ದಿರಿ ಎಂದರು. ಆ ಪ್ರಶ್ನೆ ಈಗಲೂ ಅವನನ್ನು ಗೊಂದಲಕ್ಕೆ ಕೆಡವುತ್ತದೆ. ಆದರೆ ಮೂಡಗಾಳಿ ಇರುವ ತನಕ ವಾರಕ್ಕೊಮ್ಮೆ ಇಬ್ಬರೂ ದೋಣಿಯಲ್ಲಿ ಹೊಳೆಯ ಮೇಲಕ್ಕೆ ಹೋಗುತ್ತಾರೆ. ಗಾಳಿ ಬಿದ್ದ ಮೇಲೆ ಹರಿವು ಕರೆತರುತ್ತದೆ. ಶನಿವಾರ ರೋಹಿಣಿಯ ಫೋನು ಬರುತ್ತದೆ: "ಅಪ್ಪಾ, ನಾಳೆ ಎಷ್ಟಕ್ಕ ಹೊರಡ್ತೀರಿ? ನಾ ಬರ್ಲೇನು?"

ಹೊಳಿಯಪ್ಪ ಆಕಾಶ ನೋಡುತ್ತಾನೆ, ಮರ ನೋಡುತ್ತಾನೆ, ಮತ್ತೆ ಫೋನನ್ನು ಹೆಂಡತಿಯ ಕೈಗೆ ಕೊಡುತ್ತಾನೆ.