ಹೊಡೆಯದೆ ಉಳಿದ ಪೆಟ್ಟು

ಮಳೆ ಅಡ್ಡಡ್ಡ ಬೀಸಿ ವಾದ್ಯಗಳು ನೆನೆಯಬಹುದಿತ್ತು. ಡ್ರಮ್ಮಿನ ಬೆಲ್ಟ್ ಕಿತ್ತು ಬರಬಹುದಿತ್ತು. ಸದ್ದು ಜಾಸ್ತಿಯಾಯಿತೆಂದು ಮೇಲಿನ ಮಹಡಿಯವರು ಪೊಲೀಸರಿಗೆ ಫೋನ್ ಮಾಡಬಹುದಿತ್ತು. ನನ್ನ ಬಿಳಿ ಪ್ಯಾಂಟಿನ ಹೊಲಿಗೆ... ಅದು ಬೇಡ ಬಿಡಿ. ಮೊನ್ನೆ ಸಿಂಗಾಪುರದ ಪುಂಗೋಲಿನ ನಮ್ಮ ಬ್ಲಾಕಿನಲ್ಲಿ ಲಿಫ್ಟಿನ ಪಕ್ಕ ಯಾರೋ ದೀಪ ಉಜ್ಜುತ್ತಿದ್ದರು. ಹಿತ್ತಾಳೆ ಪಾಲಿಶಿನ ವಾಸನೆ ಮೂಗಿಗೆ ತಾಕಿದ್ದೇ ತಡ, ವರ್ಷಗಳ ಹಿಂದೆ ಒಂದು ಬ್ಯಾಂಡ್ ಕಾರ್ಯಕ್ರಮಕ್ಕೆ ಮುಂಚೆ ನಾನು ಹೆದರಿದ್ದರ ಈ ಪಟ್ಟಿ ಮತ್ತೆ ಬಿಚ್ಚಿಕೊಂಡಿತು.

ಎದುರು ಮನೆಯ ಅಂಕಲ್ ಊರಿನಲ್ಲಿ ಪೊಲೀಸ್ ಬ್ಯಾಂಡಿನಲ್ಲಿದ್ದವರು. ಮಗಳ ಮನೆಗೆಂದು ಬರುವಾಗ ಹಳೆಯ ಟ್ರಂಪೆಟ್ಟನ್ನೂ ತಂದಿದ್ದರು. ಊದಲು ಎದೆ ಬಿಡುತ್ತಿರಲಿಲ್ಲ. ಭಾನುವಾರಕ್ಕೊಮ್ಮೆ ಬಾಗಿಲಲ್ಲಿ ಕೂತು ಹಿತ್ತಾಳೆ ಪಾಲಿಶ್ ಹಾಕಿ ಉಜ್ಜುತ್ತಿದ್ದರು, ಅಷ್ಟೇ. ಆಮೇಲೆ ಬ್ಲಾಕಿನ ಏಳೆಂಟು ಜನರನ್ನು ಸೇರಿಸಿ, ಕಟ್ಟಡದ ಕೆಳಗಿನ ತೆರೆದ ಜಾಗದಲ್ಲಿ, ಅಂದರೆ ವಾಯ್ಡ್ ಡೆಕ್‌ನಲ್ಲಿ, ಅಮೆರಿಕದ ಒಂದು ಹಳೆಯ ಮಾರ್ಚ್ ಕಲಿಸಲು ಶುರು ಮಾಡಿದರು. ನನಗೆ ದೊಡ್ಡ ಡ್ರಮ್ ಬಂತು.

"ನನಗೆ ತಾಳವೇ ಬರಲ್ಲ ಅಂಕಲ್."

"ನೀವು ಲಿಫ್ಟಲ್ಲೂ ಮಹಡಿ ಎಣಿಸ್ತೀರಿ, ನೋಡಿದೀನಿ. ಹೆದರೋರು ಎಣಿಕೆ ತಪ್ಪಲ್ಲ ಕಣ್ರೀ."

ಆ ಮಾರ್ಚಿನ ಮೊದಲ ಭಾಗ ಎದೆಯುಬ್ಬಿಸಿ ನಡೆಯುತ್ತದೆ. ಮಧ್ಯದಲ್ಲಿ ಇದ್ದಕ್ಕಿದ್ದಂತೆ ಶ್ರುತಿ ಬದಲಾಗಿ, ಡ್ರಮ್ ಸುಮ್ಮನಾಗಿ, ರಾಗ ಮೆತ್ತಗಾಗುತ್ತದೆ. ನಡೆಯುತ್ತಿದ್ದವನಿಗೆ ಮನೆ ನೆನಪಾದ ಹಾಗೆ. ಆಮೇಲೆ ದಪ್ಪ ದನಿಯ ವಾದ್ಯಗಳು ಜಗಳ ತೆಗೆಯುತ್ತವೆ. ಕೊನೆಗೆ ಅದೇ ಮೆತ್ತನೆಯ ರಾಗ ಆಕಾಶದಷ್ಟು ದೊಡ್ಡದಾಗಿ ಬಂದು ನಿಲ್ಲುತ್ತದೆ. ಒಂದು ಎಣಿಕೆ ಮೌನ. ಮುಗಿಯಿತು ಅನ್ನುವಷ್ಟರಲ್ಲಿ ಒಂದೇ ಒಂದು ಪೆಟ್ಟು! ಬೇರೆ ಬ್ಯಾಂಡುಗಳಲ್ಲಿ ಅದನ್ನು ಎಲ್ಲರೂ ಸೇರಿ ಕೊಡುತ್ತಾರಂತೆ. ನಮ್ಮವರ ಉಸಿರು ಅಷ್ಟರಲ್ಲಿ ಮುಗಿದಿರುತ್ತಿದ್ದುದರಿಂದ ಅದು ನನ್ನೊಬ್ಬನ ಪಾಲಿಗೆ ಬಿತ್ತು.

"ಅದು ಬೀಳ್ದಿದ್ರೆ ಮಾರ್ಚ್ ಮುಗ್ದಂಗಲ್ಲ," ಎನ್ನುತ್ತಿದ್ದರು. "ಕಾಲು ಎತ್ತಿ ಹಾಗೇ ನಿಂತಂಗೆ."

ಅಂಕಲ್ ಎದೆಯ ಆಪರೇಷನ್ನಿಗೆ ಊರಿಗೆ ಹೊರಡುವ ಹಿಂದಿನ ಸಂಜೆ ನಮ್ಮ ಕಾರ್ಯಕ್ರಮ. ಹೋಗುವ ಮುಂಚೆ ಒಂದು ಸಲ ಪೂರ್ತಿ ಕೇಳಬೇಕೆಂಬುದೊಂದೇ ಅವರ ಆಸೆ. ಮೇಳ ನಡೆಸಲು ಅವರೇ ಮುಂದೆ ನಿಂತರು. ಎಲ್ಲ ಸರಿಯಾಗಿಯೇ ನಡೆಯಿತು. ಕೊನೆಯ ಮೌನದಲ್ಲಿ ಅವರು ಕೈ ಎತ್ತಿ ನಿಂತರು. ದೇಹ ಕೊಂಚ ವಾಲಿದಂತೆ ಕಂಡಿತು. ಬಿದ್ದೇ ಬಿಟ್ಟರೆಂದು ನಾನು ಕೋಲು ಬಿಟ್ಟು ಅವರತ್ತ ಕೈ ಚಾಚಿದೆ. ಜನ ಚಪ್ಪಾಳೆ ತಟ್ಟಿಬಿಟ್ಟರು.

ಅಂಕಲ್ ನೆಟ್ಟಗೇ ನಿಂತಿದ್ದರು. ಕೈ ಇನ್ನೂ ಮೇಲೇ ಇತ್ತು.

"ಏನ್ರೀ ನೀವು... ಇರ್ಲಿ, ವಾಪಸ್ ಬಂದಾಗ ಹೊಡೀರಿ," ಎಂದು ನಕ್ಕರು.

ಹತ್ತು ದಿನಕ್ಕೆ ಬ್ಲಾಕಿನ ವಾಟ್ಸಾಪ್ ಗುಂಪಿನಲ್ಲಿ ಅಪ್ಪ ಹೋದರು ಎಂದು ಅವರ ಮಗಳ ಮೆಸೇಜ್ ಬಂತು.

ಈಗ ಲಿಫ್ಟಿನ ಬಾಗಿಲು ಮುಚ್ಚಿ, ಅದು ಮೇಲೇಳುವ ಮುಂಚೆ ಒಂದು ಎಣಿಕೆಯಷ್ಟು ಮೌನ ಇರುತ್ತದಲ್ಲ... ಅಲ್ಲಿ ಯಾರೋ ಕೈ ಎತ್ತಿ ಕಾಯುತ್ತಿರುತ್ತಾರೆ. ಮೊನ್ನೆಯೂ ಆ ವಾಸನೆಯ ಜೊತೆ ಅವರಿದ್ದರು. ನಾನು ಮಹಡಿ ಎಣಿಸುವುದು ಬಿಟ್ಟು ಪಟ್ಟಿಯನ್ನೇ ಇನ್ನೊಮ್ಮೆ ನೋಡಿಕೊಂಡೆ. ಮಳೆ ಬರಲಿಲ್ಲ. ಬೆಲ್ಟ್ ಕಿತ್ತು ಬರಲಿಲ್ಲ. ಪೊಲೀಸರೂ ಬರಲಿಲ್ಲ. ಪ್ಯಾಂಟೂ ಮರ್ಯಾದೆ ಉಳಿಸಿತು. ಒಂದು ಪೆಟ್ಟು ಮಾತ್ರ ಹೊಡೆಯಲಿಲ್ಲ ನಾನು.