ಇಪ್ಪತ್ತನೆಯ ದಿನದ ತಕರಾರು

ಪ್ಲಾಚಿ ದೆರುಂಗ್ಸ್ ಜ್ಯೂರಿಕ್‌ನಲ್ಲಿ ಮೂವತ್ತು ವರ್ಷ ಕಟ್ಟಡ ವಿನ್ಯಾಸ ಕಲಿಸಿದ. ಸ್ವಂತಕ್ಕೆ ಕಟ್ಟಿದ್ದು ಏಳೇ ಏಳು ಮನೆ. ಏನು ಮಾಡೋಣ, ಕೈ ಸುಮ್ಮನಿದ್ದರೆ ತಾನೆ? ನಕ್ಷೆ ಬರೆಯುವುದು, ಅಳಿಸುವುದು, ಮತ್ತೆ ಬರೆಯುವುದು. ಕಟ್ಟಿಸುವವರು ಬೇಸತ್ತು ಬೇರೆಯವರನ್ನು ಹುಡುಕಿಕೊಂಡರು. ಅರವತ್ಮೂರನೇ ವಯಸ್ಸಿನಲ್ಲಿ ಕೊನೆಗೂ ಬೆಟ್ಟದ ಕಣಿವೆಯ ಹುಟ್ಟೂರು ಶಾಲೆ ಕಟ್ಟುವ ಕೆಲಸ ಕೊಟ್ಟಾಗ ಅವನಿಗೆ ಹೋದ ಜೀವ ಬಂದಂತಾಯಿತು.

ಅಲ್ಲಿಯ ಕಾನೂನಿನಂತೆ ಕಟ್ಟುವ ಮುಂಚೆ ಮೂಲೆಮೂಲೆಗೂ ಕಟ್ಟಡದಷ್ಟೇ ಎತ್ತರದ ಸಪೂರ ಕಂಬ ನೆಡಬೇಕು. ಇಪ್ಪತ್ತು ದಿನ ಊರು ನೋಡುತ್ತದೆ, ತಕರಾರಿದ್ದವರು ಬರೆದು ಕೊಡುತ್ತಾರೆ. ಯಾರೂ ಬರೆಯಲಿಲ್ಲ. ಪ್ಲಾಚಿಗೆ ಅದೇ ಅನುಮಾನ, ತನ್ನ ನಕ್ಷೆಯಲ್ಲಿ ತಪ್ಪೇ ಇಲ್ಲದಿರುವುದುಂಟೇ? ಪಾಠ ಮುಗಿಸಿ, ರೈಲು ಹತ್ತಿ ಬಂದು, ಮಬ್ಬುಗತ್ತಲಲ್ಲಿ ಕಂಬಗಳ ಸುತ್ತ ಸುತ್ತಿದ.

ಕೊನೆಯ ದಿನ ಮಾತ್ರ ತಡೆಯಲಾರದೆ ಮಧ್ಯಾಹ್ನವೇ ಬಂದ. ನವೆಂಬರ್ ತಿಂಗಳು. ಕಂಬಗಳ ಹಿಂದಿನ ಮನೆಯ ಮೆಂಜಿಯಜ್ಜಿ ಬಾಗಿಲ ಬೆಂಚಿನಲ್ಲಿ ಬಿಸಿಲು ಕಾಯಿಸುತ್ತಿದ್ದಳು. ಚಳಿಗಾಲದಲ್ಲಿ ಆ ಕಣಿವೆಗೆ ಬಿಸಿಲೆಂದರೆ ಮುಕ್ಕಾಲು ಗಂಟೆ. ಅದು ಎರಡು ಕಂಬಗಳ ನಡುವಿಂದಲೇ ಬರುತ್ತಿತ್ತು. ಪ್ಲಾಚಿ ಕಂಬಗಳತ್ತ ನೋಡಿದ, ಬೆಂಚಿನತ್ತ ನೋಡಿದ. ನೆರಳಿನ ಲೆಕ್ಕವನ್ನು ಬೇಸಿಗೆಯ ಸೂರ್ಯನಿಗೆ ಹಾಕಿದ್ದ, ದೊಡ್ಡ ಮೇಷ್ಟ್ರು!

"ಅಜ್ಜಿ, ಶಾಲೆ ಎದ್ರೆ ಈ ಬಿಸಿಲು ಹೋಗುತ್ತಲ್ಲ! ಗೊತ್ತಾಗ್ಲಿಲ್ವಾ?"

"ನಾನೇನು ಕುರುಡೀನಾ? ಮೊದಲ್ನೇ ದಿನಾನೇ ಗೊತ್ತಾಯ್ತು. ಊರಿಗೆ ಇವನೊಂದು ಗೋಡೆಯಾದ್ರೂ ಕಟ್ಲಿ ಅಂತ ಬಾಯ್ಮುಚ್ಕೊಂಡಿದ್ದೆ."

"ಈಗ್ಲೇ ಹೋಗಿ ನಕ್ಷೆ ವಾಪಸ್ ತಗೋತೀನಿ."

"ನಿಲ್ಲೋ! ನೀನೇ ವಾಪಸ್ ತಗೊಂಡ್ರೆ ಇವನದು ಇದ್ದಿದ್ದೇ ಅಂತ ಊರೆಲ್ಲ ನಗುತ್ತೆ. ಕೆಲಸ ಇನ್ನೊಬ್ಬನ ಪಾಲು. ತಕರಾರು ನಾನು ಬರೀತೀನಿ. ಆಮೇಲೆ ನೀನು ಒಂದು ಅಂತಸ್ತು ಇಳಿಸಿ ಮತ್ತೆ ಕಂಬ ನೆಡು."

"ಮಕ್ಕಳ ಶಾಲೆಗೆ ಕಲ್ಲು ಹಾಕಿದ್ಳು ಅಂತ ನಿನ್ನ ಬೈತಾರಲ್ಲ."

"ಬೈಲಿ ಬಿಡು. ಎಂಬತ್ತೇಳಾಯ್ತು, ಇನ್ನೆಷ್ಟು ದಿನ ಬೈತಾರೆ?"

ಅಜ್ಜಿ ಅಡುಗೆಮನೆ ಮೇಜಿನ ಮೇಲೆ ಕಾಗದ ಹರಡಿ ಬರೆದಳು. ಎತ್ತರದ ಅಳತೆಯನ್ನು ಪ್ಲಾಚಿಯೇ ಹೇಳಿಕೊಟ್ಟ. ಆಮೇಲೆ ಅವಳು ಕೋಲೂರಿಕೊಂಡು ಒಬ್ಬಳೇ ಕಚೇರಿಗೆ ಹೋಗಿ ಕೊಟ್ಟು ಬಂದಳು.

ಸಂಜೆ ರೈಲು ನಿಲ್ದಾಣದಲ್ಲಿ ಊರ ಗುಮಾಸ್ತ ಸಿಕ್ಕಿದ. "ನಿಮ್ಮ ಗ್ರಹಚಾರ ನೋಡಿ ಸಾರ್. ಕೊನೇ ಗಳಿಗೇಲಿ ಆ ಮುದುಕಿ ಅಡ್ಡಗಾಲು ಹಾಕಿದ್ಳು. ಹೊಟ್ಟೆಕಿಚ್ಚು, ಮತ್ತೇನು?"

ಪ್ಲಾಚಿಗೆ ನಾಚಿಕೆಯಿಂದ ಮೈಯೆಲ್ಲ ಹಿಡಿಯಾಯಿತು. ನಿಜ ಹೇಳಬೇಕೆಂದು ಬಾಯಿ ತೆರೆದ. ಆದರೆ ಹೌದೆಂದು ತಲೆಯಾಡಿಸಿದ.